ಹರಿದ ಕಾರ್ಡು, ಕೊಟ್ಟ ಕಾರ್ಡು

ಸೆಟೊ ಕೈಬಾ ಎಂಬ ಹುಡುಗ ಮೊದಲ ಕಂತಿನಲ್ಲೇ ಒಂದು ಕಾರ್ಡನ್ನು ಹರಿದು ಹಾಕುತ್ತಾನೆ. ಆ ಕಾರ್ಡು ಅವನದಲ್ಲ, ಒಬ್ಬ ಅಜ್ಜನದು. ನೂರಕ್ಕೂ ಹೆಚ್ಚು ಕಂತುಗಳು ಕಳೆದ ಮೇಲೆ ಅದೇ ಹುಡುಗ ತನ್ನ ಬಳಿಯ ಒಂದು ಕಾರ್ಡನ್ನು ತನ್ನ ದೊಡ್ಡ ಎದುರಾಳಿಯ ಕೈಗೆ ಕೊಡುತ್ತಾನೆ. ಆ ಎದುರಾಳಿ ಬೇರೆ ಯಾರೂ ಅಲ್ಲ, ಅದೇ ಅಜ್ಜನ ಮೊಮ್ಮಗ. ಹರಿದ ಕಾರ್ಡಿಗೂ ಕೊಟ್ಟ ಕಾರ್ಡಿಗೂ ನಡುವೆ ಆ ಹುಡುಗನ ಮನಸ್ಸಿನಲ್ಲಿ ಏನಾಯಿತು ಅನ್ನುವುದನ್ನು ಈ ಸಲ ಬರೆಯಬೇಕು ಅನ್ನಿಸಿದೆ.

ನಾವು ಇಲ್ಲಿ ಸಾಮಾನ್ಯವಾಗಿ ಕೆರೆ, ರಸ್ತೆ, ಬೆಳೆ ವಿಮೆ, ಗ್ರಾಮಸಭೆ ಅಂತ ಬರೆಯುವವರು. ಜಪಾನಿನ ಕಾರ್ಟೂನ್ ಬಗ್ಗೆ ಬರೆಯುತ್ತಿದ್ದೇವೆ ಅಂದರೆ ಕೆಲವರು ನಗಬಹುದು. ನಗಲಿ, ತೊಂದರೆ ಇಲ್ಲ. ನಮ್ಮ ಅಕ್ಕನ ಮಗ ಎಂಟನೇ ಕ್ಲಾಸು. ಬೇಸಿಗೆ ರಜೆಯಲ್ಲಿ ಅವನು ಮೊಬೈಲಿನಲ್ಲಿ ನೋಡುತ್ತಿದ್ದಾಗ ಪಕ್ಕದಲ್ಲಿ ಕೂತು ನಾವೂ ನೋಡಿದೆವು. ಮೊದಲು ಅವನು ಏನು ನೋಡುತ್ತಾನೆ ಅಂತ ಕಾಯಲು ಕೂತಿದ್ದು. ಆಮೇಲೆ ಅವನು ಆಡಲು ಹೋದರೂ ನಾವು ನೋಡುತ್ತಲೇ ಇದ್ದೆವು.

ನಮ್ಮ ಕಡೆ ಕಾರ್ಡ್ ಆಟ ಅಂದ ಕೂಡಲೇ ಇಸ್ಪೀಟು ನೆನಪಾಗುತ್ತದೆ. ಇಸ್ಪೀಟು ಅಂದರೆ ತೋಪಿನಲ್ಲಿ ಅಂದರ್ ಬಾಹರ್, ಪೊಲೀಸರ ದಾಳಿ, ಇಷ್ಟು ಜನರ ಬಂಧನ, ಇಷ್ಟು ನಗದು ವಶ. ಆ ಸುದ್ದಿಯನ್ನು ನಾವೇ ಎಷ್ಟು ಸಲ ಕಳಿಸಿದ್ದೇವೋ ಲೆಕ್ಕವಿಲ್ಲ. ಈ ಆಟ ಅದಲ್ಲ. ಇಲ್ಲಿ ಪ್ರತಿ ಕಾರ್ಡಿನ ಮೇಲೂ ಒಂದು ರಾಕ್ಷಸ, ಮಂತ್ರ ಅಥವಾ ಬಲೆಯ ಚಿತ್ರ ಇರುತ್ತದೆ. ರಾಕ್ಷಸನಿಗೆ ಇಷ್ಟು ದಾಳಿ ಬಲ, ಇಷ್ಟು ರಕ್ಷಣೆ ಬಲ ಅಂತ ಅಂಕಿ ಇರುತ್ತದೆ. ಇಬ್ಬರೂ ತಮ್ಮ ತಮ್ಮ ಕಟ್ಟಿನಿಂದ ಕಾರ್ಡು ಎಳೆದು ಎದುರಾಳಿಯ ಜೀವದ ಅಂಕಗಳನ್ನು ಸೊನ್ನೆಗೆ ಇಳಿಸಬೇಕು.

ಕಥೆಯ ಹೆಸರು 'ಯು-ಗಿ-ಓ!' ಅಂತ. ಜಪಾನಿ ಮಾತಿನಲ್ಲಿ ಆಟಗಳ ರಾಜ ಎಂದು ಅರ್ಥ. ಕಜುಕಿ ತಕಹಾಶಿ ಎಂಬ ಚಿತ್ರಕಥೆಗಾರರು 1996ರಲ್ಲಿ ಒಂದು ವಾರಪತ್ರಿಕೆಯಲ್ಲಿ ಇದನ್ನು ಬರೆಯಲು ಶುರು ಮಾಡಿ 2004ರಲ್ಲಿ ಮುಗಿಸಿದರು. ಮಕ್ಕಳು ಹೆಚ್ಚಾಗಿ ನೋಡುವ ಟಿವಿ ಸರಣಿ 2000ದಿಂದ 2004ರವರೆಗೆ ಜಪಾನಿನಲ್ಲಿ ಪ್ರಸಾರವಾಯಿತು, ಒಟ್ಟು 224 ಕಂತು. ಇದರಿಂದ ಹುಟ್ಟಿದ ನಿಜವಾದ ಕಾರ್ಡುಗಳು 1999ರಿಂದ 2011ರ ಮಾರ್ಚ್‌ವರೆಗೆ 2,500 ಕೋಟಿಗೂ ಹೆಚ್ಚು ಮಾರಾಟವಾಗಿ ಗಿನ್ನೆಸ್ ದಾಖಲೆಗೆ ಸೇರಿದವು.

ಇಷ್ಟು ದೊಡ್ಡದಾಗಿದ್ದು ಯಾರೂ ಹಾಕಿಕೊಂಡ ಯೋಜನೆಯಿಂದಲ್ಲ. ಮೊದಲು ಆ ಕಥೆಯಲ್ಲಿ ಹಲವು ಬಗೆಯ ಆಟಗಳಿದ್ದವು. ಕಾರ್ಡ್ ಆಟ ಬರೀ ಒಂದೆರಡು ವಾರಕ್ಕೆ ಬಂದು ಹೋಗಬೇಕಿತ್ತು. ಓದುಗರು ಆ ಆಟದ ಬಗ್ಗೆ ಕೇಳುತ್ತಾ ಪತ್ರ ಬರೆದರು. ಬರೆದವರು ದಾರಿ ಬದಲಿಸಿದರು. ಪತ್ರಿಕೆಯಲ್ಲಿ ಕೆಲಸ ಮಾಡುವ ನಮಗೆ ಇದು ಬಹಳ ಇಷ್ಟವಾದ ವಿಷಯ. ಓದುಗರ ಪತ್ರದಿಂದ ಒಂದು ಕಥೆಯ ಹಣೆಬರಹ ಬದಲಾಗಿದ್ದು ಇದು.

ಕೈಬಾ ಹುಟ್ಟಿದ್ದೂ ಹಾಗೆಯೇ. ತಕಹಾಶಿ ಅವರ ಪರಿಚಯದವರೊಬ್ಬರ ಮೂಲಕ ಬಂದ ಒಂದು ಮಾತು ಅದಕ್ಕೆ ಕಾರಣ. ಕಾರ್ಡ್ ಆಟದಲ್ಲಿ ಪಳಗಿದ ಒಬ್ಬಾತ, ಹೊಸದಾಗಿ ಕಲಿಯಲು ಬಂದವರಿಗೆ ಹತ್ತು ಸಾವಿರ ಕಾರ್ಡ್ ಕೂಡಿಸಿಕೊಂಡು ಆಮೇಲೆ ಬಾ ಎನ್ನುವ ಅರ್ಥದಲ್ಲಿ ಹೇಳಿದ್ದನಂತೆ. ಆ ದರ್ಪಕ್ಕೆ ಮುಖ, ಕೋಟು, ಕಂಪನಿ ಕೊಟ್ಟರೆ ಕೈಬಾ ಆಗುತ್ತಾನೆ.

ಮೊದಲ ಸೋಲು

ಕೈಬಾ ಇನ್ನೂ ಶಾಲೆಗೆ ಹೋಗುವ ಹುಡುಗ. ಆದರೆ ದೊಡ್ಡ ಕಂಪನಿಯೊಂದರ ಮಾಲೀಕ. ಅವನಿಗೆ ಬೇಕಾದದ್ದು ಒಂದೇ ಕಾರ್ಡು, ನೀಲಿ ಕಣ್ಣಿನ ಬಿಳಿ ಡ್ರ್ಯಾಗನ್. ಮಕ್ಕಳು 'ಬ್ಲೂ ಐಸ್' ಅನ್ನುತ್ತಾರೆ. ದಾಳಿ ಬಲ 3000, ರಕ್ಷಣೆ 2500. ಲೋಕದಲ್ಲಿ ಇರುವುದೇ ನಾಲ್ಕು. ಮೂರು ಕೈಬಾ ಬಳಿ ಇವೆ. ನಾಲ್ಕನೆಯದು ಯುಗಿ ಎಂಬ ಪುಟ್ಟ ಹುಡುಗನ ಅಜ್ಜನ ಬಳಿ ಇದೆ. ಅಜ್ಜ ಅದನ್ನು ಮಾರಲು ಒಪ್ಪುವುದಿಲ್ಲ. ಅದು ಗೆಳೆಯನೊಬ್ಬ ಕೊಟ್ಟದ್ದು ಎನ್ನುತ್ತಾನೆ. ಕೈಬಾ ಅಜ್ಜನನ್ನು ಆಟಕ್ಕೆ ಎಳೆದು, ಸೋಲಿಸಿ, ಕಾರ್ಡು ಕಿತ್ತುಕೊಂಡು, ಅಲ್ಲೇ ಎರಡು ಚೂರು ಮಾಡುತ್ತಾನೆ.

ಯಾಕೆ ಹರಿದ? ಒಂದು ಕಟ್ಟಿನಲ್ಲಿ ಒಂದೇ ಹೆಸರಿನ ಕಾರ್ಡು ಮೂರಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ತನಗೆ ಉಪಯೋಗವಿಲ್ಲ, ಇನ್ನೊಬ್ಬರ ಕೈಗೂ ಸಿಗಬಾರದು. ಇಷ್ಟೇ ಲೆಕ್ಕ. ನಾವು ಇದನ್ನು ನೋಡಿದಾಗ ನಮಗೆ ಪಾಲಿನ ಜಗಳದಲ್ಲಿ ಬದುವಿನ ಹುಣಸೆ ಮರ ಕಡಿಸಿದವರು ನೆನಪಾದರು. ನನಗಿಲ್ಲದ ನೆರಳು ಅವನಿಗೂ ಬೇಡ ಅನ್ನುವ ಲೆಕ್ಕ ಜಪಾನಿನಲ್ಲೂ ಇದೆ.

ಅಜ್ಜನ ಕಟ್ಟನ್ನೇ ಹಿಡಿದು ಯುಗಿ ಆಟಕ್ಕೆ ನಿಲ್ಲುತ್ತಾನೆ. ಅವನ ಕೊರಳಲ್ಲಿ ಪ್ರಾಚೀನ ಈಜಿಪ್ಟಿನ ಒಂದು ಪದಕ ಇದೆ. ಅದರೊಳಗೆ ಹೆಸರು ಮರೆತ ಒಬ್ಬ ಫೇರೋ, ಅಂದರೆ ಅಲ್ಲಿಯ ರಾಜ, ಅವನ ಆತ್ಮ ಇದೆ. ಆಟದ ಹೊತ್ತಿಗೆ ಆ ರಾಜ ಯುಗಿಯ ಮೈಯಲ್ಲಿ ಎದ್ದು ಬರುತ್ತಾನೆ. ಕೈಬಾ ಮೂರು ಡ್ರ್ಯಾಗನ್‌ಗಳನ್ನೂ ನಿಲ್ಲಿಸಿದಾಗ ಯುಗಿ ಎಕ್ಸೋಡಿಯಾದ ಐದು ಭಾಗಗಳನ್ನು ಕೂಡಿಸಿ ಗೆಲ್ಲುತ್ತಾನೆ. ಎಂದೂ ಸೋಲದವನು ಮೊದಲ ಸಲ ಸೋಲುತ್ತಾನೆ.

ಚಿತ್ರಕಥೆಯಲ್ಲಿ ಕೈಬಾನ ದೊಡ್ಡ ಸೋಲಿನ ಮೇಲೆ ಇನ್ನೊಂದು ಮಾತಿದೆ, ಅದು ನಮಗೆ ಹೆಚ್ಚು ಹಿಡಿಸಿತು. ರಾಜನು ಅವನ ಮನಸ್ಸನ್ನು ಚೂರು ಚೂರು ಮಾಡಿಬಿಡುತ್ತಾನೆ. ಕೊಲ್ಲುವುದಿಲ್ಲ. ಆ ಚೂರುಗಳನ್ನು ಕೈಬಾ ತಾನೇ ಒಂದೊಂದಾಗಿ ಜೋಡಿಸಿಕೊಳ್ಳಬೇಕು. ತಿಂಗಳುಗಟ್ಟಲೆ ಅವನು ಮಾತಿಲ್ಲದೆ, ಕದಲದೆ ಇರುತ್ತಾನೆ. ಮನಪರಿವರ್ತನೆ ಎಂದರೆ ಒಂದು ಭಾಷಣ ಕೇಳಿ ಮರುದಿನ ಒಳ್ಳೆಯವನಾಗುವುದಲ್ಲ, ಅಷ್ಟು ದಿನದ ಕೆಲಸ ಅದು ಎಂದು ಆ ಕಥೆ ಮಕ್ಕಳಿಗೆ ಹೇಳುತ್ತದೆ.

ಅಣ್ಣ, ತಮ್ಮ

ಕೈಬಾ ಯಾಕೆ ಹೀಗೆ? ತಂದೆ ತಾಯಿ ಇಲ್ಲದ ಇಬ್ಬರು ಹುಡುಗರು, ಸೆಟೊ ಮತ್ತು ತಮ್ಮ ಮೊಕುಬಾ. ನೆಂಟರು ಇದ್ದ ಆಸ್ತಿ ತಿಂದು ಇವರನ್ನು ಅನಾಥಾಲಯಕ್ಕೆ ಬಿಡುತ್ತಾರೆ. ಅಲ್ಲಿಗೆ ಗೊಜಬುರೊ ಕೈಬಾ ಎಂಬ ಸಿರಿವಂತ ಬರುತ್ತಾನೆ. ಚದುರಂಗದಲ್ಲಿ ಹೆಸರಾದವನು. ತಾನು ಗೆದ್ದರೆ ತಮ್ಮನ ಜೊತೆ ತನ್ನನ್ನೂ ದತ್ತು ತೆಗೆದುಕೊಳ್ಳಬೇಕು ಎಂದು ಪಣ ಕಟ್ಟಿ ಸೆಟೊ ಗೆಲ್ಲುತ್ತಾನೆ. ಮನೆ ಸಿಗುತ್ತದೆ, ಬಾಲ್ಯ ಹೋಗುತ್ತದೆ. ಓದು, ಓದು, ಇನ್ನೂ ಓದು. ಸೋತವನಿಗೆ ಬದುಕಿಲ್ಲ ಎಂಬುದೇ ಆ ಮನೆಯ ಪಾಠ. ಗೊಜಬುರೊ ಕಂಪನಿ ತಯಾರಿಸುತ್ತಿದ್ದುದು ಯುದ್ಧದ ಆಯುಧ. ಮುಂದೆ ಸೆಟೊ ಆ ಕಂಪನಿಯನ್ನೇ ಸಾಕುತಂದೆಯ ಕೈಯಿಂದ ಕಸಿದುಕೊಂಡು, ಆಯುಧ ಬಿಟ್ಟು ಆಟದ ಸಾಮಾನು ಮಾಡುವ ಕಂಪನಿಯಾಗಿ ತಿರುಗಿಸುತ್ತಾನೆ.

ಅಣ್ಣ ತಮ್ಮ ಇಬ್ಬರ ಕೊರಳಲ್ಲೂ ಕಾರ್ಡಿನ ಆಕಾರದ ಒಂದೊಂದು ಪದಕ ಇದೆ. ಒಳಗೆ ಚಿಕ್ಕಂದಿನ ಫೋಟೊ. ಊರಿಗೆಲ್ಲ ಕಲ್ಲಾದವನಿಗೂ ಒಂದು ಕಡೆ ಮೆತ್ತಗಿನ ಜಾಗ ಇರುತ್ತದೆ. ಕೈಬಾಗೆ ಅದು ತಮ್ಮ.

ಆ ತಮ್ಮನನ್ನು ಪೆಗಾಸಸ್ ಎಂಬುವನು ತನ್ನ ದ್ವೀಪದ ಕೋಟೆಯಲ್ಲಿ ಸೆರೆ ಇಡುತ್ತಾನೆ. ತಮ್ಮನನ್ನು ಬಿಡಿಸಬೇಕಾದರೆ ಕೈಬಾ ಮೊದಲು ಯುಗಿಯನ್ನು ಸೋಲಿಸಬೇಕು. ಸೋಲುವ ಹಂತ ಬಂದಾಗ ಕೈಬಾ ಕೋಟೆಯ ಗೋಡೆಯ ಅಂಚಿಗೆ ಹೋಗಿ ನಿಲ್ಲುತ್ತಾನೆ. ನೀನು ಹೊಡೆದರೆ ಆ ಹೊಡೆತಕ್ಕೆ ನಾನು ಕೆಳಗೆ ಬೀಳುತ್ತೇನೆ, ನೋಡಿಕೊಂಡು ಹೊಡಿ ಎನ್ನುತ್ತಾನೆ. ಯುಗಿಯೊಳಗಿನ ರಾಜ ಹೊಡೆಯಲು ಹೊರಡುತ್ತಾನೆ. ಪುಟ್ಟ ಯುಗಿ ಬೇಡ ಎಂದು ತಡೆಯುತ್ತಾನೆ, ತಡೆದು ಸೋಲುತ್ತಾನೆ.

ನಮ್ಮ ಅಕ್ಕನ ಮಗ ಇಲ್ಲಿ ಕೇಳಿದ: "ಮಾವ, ಕೈಬಾ ಒಳ್ಳೆಯವನೋ ಕೆಟ್ಟವನೋ?"

ತಮ್ಮನ ಮೇಲಿನ ಪ್ರೀತಿ ನಿಜ, ಅದಕ್ಕಾಗಿ ಎದುರಿನವನ ಒಳ್ಳೆಯತನವನ್ನೇ ಒತ್ತೆ ಇಟ್ಟದ್ದೂ ನಿಜ ಅಂದೆವು. ಅವನಿಗೆ ಸಮಾಧಾನ ಆಗಲಿಲ್ಲ. ಒಂದೇ ಉತ್ತರ ಬೇಕಿತ್ತು. ಗೆದ್ದ ಕೈಬಾ ಮುಂದೆ ಪೆಗಾಸಸ್ ಕೈಲಿ ಸೋತು ತನ್ನ ಆತ್ಮವನ್ನೇ ಕಳೆದುಕೊಳ್ಳುತ್ತಾನೆ. ಕೊನೆಗೆ ಅವನನ್ನೂ ಅವನ ತಮ್ಮನನ್ನೂ ಬಿಡಿಸುವುದು ಅದೇ ಯುಗಿ.

ಒಂದು ಸರದಿಯ ಮನಸ್ಸು

ಈ ಆಟದಲ್ಲಿ 'ಚೇಂಜ್ ಆಫ್ ಹಾರ್ಟ್' ಅಂತ ಒಂದು ಮಂತ್ರದ ಕಾರ್ಡಿದೆ. ಮನಸ್ಸು ಬದಲು ಅಂತ ಅರ್ಥ. ಚಿತ್ರದಲ್ಲಿ ಒಂದೇ ಮೈ, ಅರ್ಧ ಬಿಳಿ ರೆಕ್ಕೆಯ ದೇವತೆ, ಅರ್ಧ ಕಪ್ಪು ರೆಕ್ಕೆಯ ಪಿಶಾಚಿ. ಆ ಕಾರ್ಡು ಹಾಕಿದರೆ ಎದುರಾಳಿಯ ಒಂದು ರಾಕ್ಷಸ ನಿಮ್ಮ ಕಡೆಗೆ ಬರುತ್ತಾನೆ, ನಿಮ್ಮ ಪರವಾಗಿ ಹೊಡೆಯುತ್ತಾನೆ. ಆದರೆ ಆ ಒಂದು ಸರದಿಗೆ ಮಾತ್ರ. ಸರದಿ ಮುಗಿದ ಕೂಡಲೇ ವಾಪಸ್ಸು ತನ್ನ ಯಜಮಾನನ ಹತ್ತಿರ ಹೋಗುತ್ತಾನೆ.

ಗ್ರಾಮ ಪಂಚಾಯ್ತಿಯಲ್ಲಿ ಅವಿಶ್ವಾಸ ಮಂಡನೆ ಆಗುವಾಗ ಸದಸ್ಯರನ್ನು ರೆಸಾರ್ಟಿಗೆ ಕರೆದುಕೊಂಡು ಹೋಗುವುದನ್ನು ವರದಿ ಮಾಡಿದವರು ನಾವು. ಆ ಕಾರ್ಡಿನ ನಿಯಮ ಓದಿದಾಗ ನಮಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಹೊರಗಿನಿಂದ ಎಳೆದುಕೊಂಡು ಬಂದ ಮನಸ್ಸು ಒಂದು ಸರದಿ ಮಾತ್ರ ಬಾಳುತ್ತದೆ. ಕೈಬಾನದ್ದು ಆ ಜಾತಿಯ ಬದಲಾವಣೆ ಅಲ್ಲ. ಅವನನ್ನು ಯಾರೂ ತಮ್ಮ ಕಡೆಗೆ ಎಳೆದುಕೊಳ್ಳಲಿಲ್ಲ. ಕೊನೆಯವರೆಗೂ ಅವನು ಯುಗಿಯ ಗುಂಪಿಗೆ ಸೇರಲಿಲ್ಲ.

ನಾಲ್ಕು ಸಾವಿರ ಬಿಟ್ಟು ಮೂರು ಸಾವಿರ

ಕಥೆಯ ನಡುಭಾಗದಲ್ಲಿ ಕೈಬಾ ತನ್ನ ಊರಿನಲ್ಲೇ ಒಂದು ದೊಡ್ಡ ಪಂದ್ಯ ನಡೆಸುತ್ತಾನೆ. ಅದಕ್ಕೂ ಮೊದಲು ಈಜಿಪ್ಟಿನಿಂದ ಬಂದ ಇಶಿಜು ಎಂಬ ಹೆಣ್ಣುಮಗಳು ಅವನನ್ನು ವಸ್ತು ಸಂಗ್ರಹಾಲಯಕ್ಕೆ ಕರೆಸಿ ಒಂದು ಹಳೆಯ ಕಲ್ಲಿನ ಶಾಸನ ತೋರಿಸುತ್ತಾಳೆ. ಕಲ್ಲಿನ ಮೇಲೆ ಇಬ್ಬರು ಎದುರುಬದುರಾಗಿ ನಿಂತಿದ್ದಾರೆ. ಒಬ್ಬ ಫೇರೋ, ಇನ್ನೊಬ್ಬ ಪುರೋಹಿತ. ಪುರೋಹಿತನ ಮುಖ ಕೈಬಾನದೇ. ಪಕ್ಕದಲ್ಲಿ ಡ್ರ್ಯಾಗನ್ ಕೂಡ ಇದೆ. ನೀನು ಯುಗಿಗೆ ಎದುರಾಳಿ ಆಗಿದ್ದು ಇವತ್ತಲ್ಲ, ಸಾವಿರಾರು ವರ್ಷದ ಹಿಂದೆಯೇ ಇದು ಕೆತ್ತಲ್ಪಟ್ಟಿದೆ ಎಂಬುದು ಅವಳ ಮಾತಿನ ಸಾರ.

ಕೈಬಾ ಒಪ್ಪುವುದಿಲ್ಲ. ವಿಜ್ಞಾನಕ್ಕೆ ಸಿಗದ್ದು ತನಗೆ ಬೇಡ ಎನ್ನುತ್ತಾನೆ. ಆದರೂ ಅವಳು ಕೊಟ್ಟ ಕಾರ್ಡನ್ನು ತೆಗೆದುಕೊಳ್ಳುತ್ತಾನೆ. ಅದು ಮೂರು ದೇವರ ಕಾರ್ಡುಗಳಲ್ಲಿ ಒಂದು, ಒಬೆಲಿಸ್ಕ್. ದಾಳಿ ಬಲ 4000.

ಮುಂದೆ ಆ ಪಂದ್ಯದಲ್ಲಿ ಇವರಿಬ್ಬರೇ ಎದುರಾಗುತ್ತಾರೆ. ಇಶಿಜು ಕೊರಳಲ್ಲಿ ಮುಂದಾಗುವುದನ್ನು ತೋರಿಸುವ ಒಂದು ಹಾರ ಇದೆ. ಈ ಆಟ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಅವಳು ಮೊದಲೇ ಕಂಡಿದ್ದಾಳೆ. ಕೈಬಾ ಒಬೆಲಿಸ್ಕ್ ಇಳಿಸುತ್ತಾನೆ, ಅದರಿಂದ ಹೊಡೆಯುತ್ತಾನೆ, ಅದೇ ಅವನ ಸೋಲು. ಅದಕ್ಕಾಗಿ ಅವಳು ಬಲೆ ಹೂಡಿ ಕಾಯುತ್ತಾಳೆ. ನಡುವೆ ಕಟ್ಟು ಮತ್ತು ಸತ್ತ ಕಾರ್ಡುಗಳ ರಾಶಿ ಅದಲು ಬದಲಾಗುವಂತೆ ಮಾಡಿ ಕೈಬಾ ಬಳಿ ಎಳೆಯಲು ಕೆಲವೇ ಕಾರ್ಡು ಉಳಿಯುವ ಹಾಗೆ ಮಾಡುತ್ತಾಳೆ. ಅವನಿಗೆ ಬೇರೆ ದಾರಿಯೇ ಇಲ್ಲ.

ಒಬೆಲಿಸ್ಕ್ ಇಳಿಯುತ್ತದೆ. ಹಾರದಲ್ಲಿ ಕಂಡಂತೆಯೇ ಎಲ್ಲ ನಡೆಯುತ್ತಿದೆ. ಹೊಡೆಯುವ ಗಳಿಗೆಯಲ್ಲಿ ಕೈಬಾನ ಕಣ್ಣ ಮುಂದೆ ಹಳೆಯ ಈಜಿಪ್ಟಿನ ದೃಶ್ಯವೊಂದು ಹಾದು ಹೋಗುತ್ತದೆ. ಅವನ ಕೈ ತಡೆಯುತ್ತದೆ. ಆಮೇಲೆ ಅವನು ಯಾರೂ ಎಣಿಸದ ಕೆಲಸ ಮಾಡುತ್ತಾನೆ. ದೇವರ ಕಾರ್ಡನ್ನೇ ಬಲಿ ಕೊಟ್ಟು ತನ್ನ ನೀಲಿ ಕಣ್ಣಿನ ಡ್ರ್ಯಾಗನ್ ಕರೆಯುತ್ತಾನೆ. ಅದರಿಂದ ಹೊಡೆದು ಗೆಲ್ಲುತ್ತಾನೆ.

ಓದುಗರು ಈ ಅಂಕಿ ಗಮನಿಸಬೇಕು. ನಾಲ್ಕು ಸಾವಿರ ಬಲದ್ದನ್ನು ಬಿಟ್ಟು ಮೂರು ಸಾವಿರದ್ದನ್ನು ಹಿಡಿದ. ಅಲ್ಲಿಯವರೆಗಿನ ಕೈಬಾ ಯಾವತ್ತೂ ಹೀಗೆ ಮಾಡಿದವನಲ್ಲ. ಕೈಯಲ್ಲಿ ಯಾವುದು ದೊಡ್ಡದೋ ಅದನ್ನೇ ಎಸೆಯುವವನು. ಹಾರಕ್ಕೆ ಕಂಡದ್ದು ಆ ಹಳೆಯ ಕೈಬಾ. ದರ್ಪದವನು ಮುಂದೆ ಏನು ಮಾಡುತ್ತಾನೆ ಅಂತ ಹೇಳಲು ಹಾರವೂ ಬೇಡ, ನಮ್ಮ ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ಟೀ ಕುಡಿಯುವವರು ಕೂಡ ಹೇಳಬಲ್ಲರು. ಬಲ ಬಿಟ್ಟು ತನಗೆ ಪ್ರೀತಿಯಾದದ್ದನ್ನು ಹಿಡಿಯುವ ಕೈಬಾ ಹಾರದೊಳಗೆ ಇರಲಿಲ್ಲ, ಯಾಕೆಂದರೆ ಅವನು ಆ ಗಳಿಗೆಯವರೆಗೆ ಹುಟ್ಟಿರಲೇ ಇಲ್ಲ.

ಸೋತ ಇಶಿಜುಗೆ ದುಃಖವಾಗುವುದಿಲ್ಲ. ಅವಳ ತಮ್ಮ ಮಾರಿಕ್ ಕತ್ತಲೆಯ ದಾರಿ ಹಿಡಿದಿದ್ದಾನೆ. ಅವನನ್ನು ಉಳಿಸಲು ಆಗುವುದಿಲ್ಲವೇನೋ ಎಂಬ ಭಯ ಅವಳದು. ಬರೆದದ್ದು ತಪ್ಪಬಹುದು ಎಂದು ಒಬ್ಬ ಸೊಕ್ಕಿನ ಹುಡುಗ ತೋರಿಸಿದ ಮೇಲೆ ಅವಳಿಗೆ ತಮ್ಮನ ಬಗ್ಗೆ ಆಸೆ ಚಿಗುರುತ್ತದೆ. ಹಾರವನ್ನು ಯುಗಿಗೆ ಕೊಟ್ಟುಬಿಡುತ್ತಾಳೆ.

ಇಲ್ಲೊಂದು ತಕರಾರು ಇದೆ. ಕೈಬಾ ಕಂಡ ದೃಶ್ಯವೂ ಹಿಂದಿನ ಜನ್ಮದ್ದೇ ಅಲ್ಲವೇ? ಕಥೆಯ ಕೊನೆಯ ಭಾಗದಲ್ಲಿ ಗೊತ್ತಾಗುವಂತೆ, ಆ ಕಾಲದಲ್ಲಿ ಕಿಸಾರಾ ಎಂಬ ಬಿಳಿ ಕೂದಲಿನ ಹುಡುಗಿ ಇದ್ದಳು. ಅವಳೊಳಗೆ ಇದ್ದದ್ದೇ ಆ ಬಿಳಿ ಡ್ರ್ಯಾಗನ್. ಪುರೋಹಿತ ಸೆಟೊಗೆ ಅವಳ ಮೇಲೆ ಮಮತೆ ಇತ್ತು, ಅವಳು ಸತ್ತಳು. ಹಾಗಾದರೆ ಕೈಬಾ ಒಂದು ವಿಧಿ ಮುರಿದು ಇನ್ನೊಂದು ವಿಧಿ ಪಾಲಿಸಿದನೇ?

ನಮಗೆ ತೋರುವುದು ಇಷ್ಟು. ಹಿಂದಿನದು ಅವನಿಗೆ ನೆನಪು ಕೊಟ್ಟಿತು, ಆಜ್ಞೆ ಕೊಡಲಿಲ್ಲ. ಕಲ್ಲಿನಲ್ಲಿ ಇಬ್ಬರೂ ಎದುರುಬದುರು ನಿಂತಿದ್ದಾರೆ, ಅಷ್ಟೇ ಕೆತ್ತಿದೆ. ಆ ನಿಲುವಿನಲ್ಲಿ ಒಬ್ಬ ಇನ್ನೊಬ್ಬನ ಕಾರ್ಡು ಹರಿಯಬೇಕೋ, ಕೈಗೆ ಕಾರ್ಡು ಕೊಡಬೇಕೋ ಅನ್ನುವುದನ್ನು ಕಲ್ಲು ಹೇಳುವುದಿಲ್ಲ.

ಹಣೆಬರಹದ ಮಾತು

ನಮ್ಮ ಅಪ್ಪ ಶೇಂಗಾ ಬೆಳೆಯುವವರು, ಮಳೆ ನಂಬಿದವರು. ಎಲ್ಲದಕ್ಕೂ ಬರೆದಂಗೆ ಆಗ್ತದೆ ಅನ್ನುವವರು. ನಾವು ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ಜಿಲ್ಲೆಗೆ ಸುದ್ದಿ ಕಳಿಸುವವರಾದಾಗ, ಅಚ್ಚಾದ ಸುದ್ದಿಗೆ ಇಷ್ಟು ಅಂತ ಲೆಕ್ಕ ಹಾಕಿ ಸಂಭಾವನೆ ಬಂದಾಗಲೂ ಅದನ್ನೇ ಅಂದರು. ಅವರ ಮಾತನ್ನು ನಾವು ಕೈಬಾನಂತೆ ತಳ್ಳಿಹಾಕುವುದಿಲ್ಲ. ಮನಸ್ಸು ಬದಲಾಯಿಸಿಕೊಂಡರೆ ಮಳೆ ಬರುವುದಿಲ್ಲ. ಕೈಬಾ ಬಳಿ ಕಂಪನಿ ಇತ್ತು, ವಿಮಾನ ಇತ್ತು. ನಿನ್ನ ವಿಧಿ ನಿನ್ನ ಕೈಯಲ್ಲಿ ಅಂತ ಸಾಲ ಇರುವ ರೈತನಿಗೆ ಹೇಳುವುದು ಸುಲಭ, ಬ್ಯಾಂಕಿನ ನೋಟಿಸು ಬರುವುದು ಅವನ ಮನೆಗೆ. ಆದರೆ ಎದುರಿಗೆ ನಿಂತವನ ಜೊತೆ ಹೇಗೆ ನಡೆದುಕೊಳ್ಳಬೇಕು ಅನ್ನುವಷ್ಟು ಜಾಗ ಎಂಥ ಹಣೆಬರಹದಲ್ಲೂ ಖಾಲಿ ಇರುತ್ತದೆ.

ಇದು ನಮಗೆ ಕಾರ್ಟೂನಿನಿಂದ ಗೊತ್ತಾದದ್ದಲ್ಲ. ನಮ್ಮ ತಾಲ್ಲೂಕಿನಲ್ಲಿ ಬೇರೆ ಪತ್ರಿಕೆಗೆ ಸುದ್ದಿ ಕಳಿಸುವವರೊಬ್ಬರು ಇದ್ದಾರೆ. ನಮಗಿಂತ ಐದಾರು ವರ್ಷ ದೊಡ್ಡವರು. ಹೆಸರು ಬೇಡ. ನಮಗೂ ಅವರಿಗೂ ಮೊದಲಿನಿಂದ ಆಗುವುದಿಲ್ಲ. ಸಭೆ ಇದೆ ಅನ್ನುವುದನ್ನು ನಮಗೆ ತಿಳಿಸದಂತೆ ಮಾಡಿದ್ದಾರೆ. ನಾವು ತಂದ ಸುದ್ದಿಯನ್ನು ಸುಳ್ಳು ಅಂತ ಹೋಟೆಲಿನಲ್ಲಿ ಹೇಳಿದ್ದಾರೆ. ನಾವೂ ಅವರಿಗೆ ಸಿಗಬಾರದು ಅಂತಲೇ ಬೆಳಗಿನ ಜಾವ ಬೈಕು ಹತ್ತಿ ಹೋದದ್ದುಂಟು.

ಒಂದು ಮಳೆಗಾಲ ಅಪ್ಪನಿಗೆ ಆಪರೇಶನ್ ಆಗಿ ನಾವು ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿದ್ದೆವು. ಅದೇ ರಾತ್ರಿ ನಮ್ಮ ಹೋಬಳಿಯ ಒಂದು ಕೆರೆ ಏರಿ ಒಡೆಯಿತು. ಬೆಳಿಗ್ಗೆ ಏಳಕ್ಕೆ ಅವರ ಫೋನು.

"ಏನ್ರೀ, ಎಲ್ಲಿದ್ದೀರಿ?"

"ಆಸ್ಪತ್ರೆಲಿದ್ದೀವಿ ಸಾರ್."

"ಗೊತ್ತು. ನೀರು ನುಗ್ಗಿರೋ ಮನೆ ಪಟ್ಟಿ, ಗದ್ದೆ ಲೆಕ್ಕ, ತಹಶೀಲ್ದಾರ್ ಹೇಳಿದ್ದು, ಎರಡು ಫೋಟೊ ಕಳಿಸಿದ್ದೀನಿ. ನಿಮ್ಮ ಪೇಪರಿಗೂ ಹಾಕ್ಕೊಳ್ಳಿ. ನನ್ನ ಹೆಸರು ಹೇಳ್ಬೇಡಿ. ಅಪ್ಪಾರು ಹೆಂಗಿದ್ದಾರೆ?"

ಉತ್ತರ ಮುಗಿಯುವ ಮೊದಲೇ ಫೋನು ಇಟ್ಟರು. ನಾವು ಸುದ್ದಿ ಕಳಿಸಿದೆವು. ಆ ತಿಂಗಳು ಆಸ್ಪತ್ರೆಯ ಖರ್ಚಿನ ನಡುವೆ ಕೆಲಸ ಉಳಿಯಿತು. ಅಪ್ಪ ಮನೆಗೆ ಬಂದ ವಾರದಲ್ಲೇ ಅವರು ಒಂದು ದೊಡ್ಡ ಸುದ್ದಿಯಲ್ಲಿ ನಮ್ಮನ್ನು ಹಿಂದೆ ಹಾಕಿದರು. ಎದುರಿಗೆ ಸಿಕ್ಕಾಗ ಮುಖ ತಿರುಗಿಸಿದರು. ಇವತ್ತಿಗೂ ಹಾಗೆಯೇ ಇದ್ದಾರೆ. ಅವರು ಬದಲಾದರು ಅಂತ ನಾವು ಹೇಳಿದರೆ ಊರಲ್ಲಿ ಯಾರೂ ನಂಬುವುದಿಲ್ಲ. ನಮಗೆ ಮಾತ್ರ ಗೊತ್ತು.

ಕೊಟ್ಟ ಕಾರ್ಡು

ಪಂದ್ಯದ ಕೊನೆಯ ಆಟಗಳು ಸಮುದ್ರದ ನಡುವಿನ ಒಂದು ದ್ವೀಪದ ಗೋಪುರದಲ್ಲಿ ನಡೆಯುತ್ತವೆ. ಆ ದ್ವೀಪ ಒಂದು ಕಾಲಕ್ಕೆ ಗೊಜಬುರೊನ ಆಯುಧ ಕಾರ್ಖಾನೆ. ಅಂದರೆ ಕೈಬಾ ತನ್ನ ದ್ವೇಷದ ತಾಯಿಬೇರಿನ ಮೇಲೆಯೇ ಪಂದ್ಯ ಕಟ್ಟಿದ್ದಾನೆ. ಅಲ್ಲಿ ಯುಗಿಯ ಎದುರು ನಿಲ್ಲುತ್ತಾನೆ. ಒಬೆಲಿಸ್ಕ್ ಮತ್ತು ಯುಗಿಯ ದೇವರ ಕಾರ್ಡು ಡಿಕ್ಕಿ ಹೊಡೆದಾಗ ಇಬ್ಬರಿಗೂ ಹಳೆಯ ಈಜಿಪ್ಟು ಕಾಣುತ್ತದೆ. ಕೊನೆಗೆ ಕೈಬಾನ ಮೂರು ತಲೆಯ ಡ್ರ್ಯಾಗನ್ ಬೀಳುತ್ತದೆ. ಕೈಬಾ ಸೋಲುತ್ತಾನೆ. ನಿನ್ನನ್ನು ಸೋಲಿಸಿದ್ದು ನಾನಲ್ಲ, ನಿನ್ನೊಳಗಿನ ದ್ವೇಷ ಎಂಬ ಅರ್ಥದ ಮಾತನ್ನು ಯುಗಿ ಹೇಳುತ್ತಾನೆ.

ಮುಂದಿನ ಆಟ ಯುಗಿಗೂ ಮಾರಿಕ್‌ಗೂ. ಮಾರಿಕ್ ಬಳಿ ದೇವರ ಕಾರ್ಡುಗಳಲ್ಲೇ ದೊಡ್ಡದಾದ ರಾ ಇದೆ. ಸೋತವನು ಹಿಂದೆ ಕೂತು ಯುಗಿ ಬೀಳುವುದನ್ನು ನೋಡಬಹುದಿತ್ತು. ಹಳೆಯ ಕೈಬಾ ಅದನ್ನೇ ಮಾಡುತ್ತಿದ್ದ. ಈ ಕೈಬಾ 'ಡೆವಿಲ್ಸ್ ಸ್ಯಾಂಕ್ಚುವರಿ' ಎಂಬ ಒಂದು ಮಂತ್ರದ ಕಾರ್ಡನ್ನು ಯುಗಿಗೆ ಕೊಡುತ್ತಾನೆ. ರಾ ಎದುರು ಇದು ಬೇಕಾಗುತ್ತದೆ. ತಬ್ಬಿಕೊಳ್ಳುವುದಿಲ್ಲ, ಕ್ಷಮಿಸು ಎನ್ನುವುದಿಲ್ಲ, ಗೆಳೆಯ ಎನ್ನುವುದಿಲ್ಲ. ತನ್ನನ್ನು ಸೋಲಿಸಿದವನು ಬೇರೆಯವನ ಕೈಯಲ್ಲಿ ಸೋಲಬಾರದು, ಅಷ್ಟೇ ಅವನ ಧಾಟಿ. ಯುಗಿ ಆ ಆಟದಲ್ಲಿ ಆ ಕಾರ್ಡನ್ನು ಬಳಸುತ್ತಾನೆ, ಗೆಲ್ಲುತ್ತಾನೆ.

ಎಲ್ಲ ಮುಗಿದ ಮೇಲೆ ಕೈಬಾ ಆ ದ್ವೀಪವನ್ನು ಸ್ಫೋಟಿಸಿ, ತಮ್ಮನನ್ನು ಕೂರಿಸಿಕೊಂಡು ಡ್ರ್ಯಾಗನ್ ಆಕಾರದ ಜೆಟ್‌ನಲ್ಲಿ ಹೊರಡುತ್ತಾನೆ. ಮಕ್ಕಳಿಗಾಗಿ ಆಟದ ಊರು ಕಟ್ಟುವುದು ಅಣ್ಣ ತಮ್ಮಂದಿರ ಅನಾಥಾಲಯದ ದಿನದ ಕನಸು. ಅಲ್ಲಿಗೆ ಅವನ ಕಥೆ ಸರಿದಾರಿಗೆ ಬಂತು ಎನ್ನಬಹುದು.

ಆದರೆ ತಕಹಾಶಿ ಅವರು ಅಲ್ಲಿಗೆ ಬಿಡಲಿಲ್ಲ. ಸರಣಿಯ ಕೊನೆಯಲ್ಲಿ ಆ ಫೇರೋ ತನ್ನ ಹೆಸರು ಅತೆಮ್ ಎಂದು ತಿಳಿದುಕೊಂಡು, ಪುಟ್ಟ ಯುಗಿಯ ಕೈಯಲ್ಲಿ ಸೋತು, ಪರಲೋಕಕ್ಕೆ ಹೋಗಿಬಿಡುತ್ತಾನೆ. 2016ರಲ್ಲಿ ಬಂದ ಸಿನಿಮಾಕ್ಕೆ ಚಿತ್ರಕಥೆ ತಕಹಾಶಿ ಅವರೇ ಬರೆದರು. ಅದರಲ್ಲಿ ಕೈಬಾಗೆ ಈ ಹೋಗಿರುವಿಕೆಯನ್ನು ಒಪ್ಪಲು ಆಗುವುದಿಲ್ಲ. ತನ್ನ ಯಂತ್ರಗಳಲ್ಲಿ ಅತೆಮ್‌ನ ನಕಲು ಮಾಡಿಕೊಂಡು ಅದರ ಜೊತೆ ಆಡಿ ಗೆಲ್ಲುತ್ತಾನೆ. ಗೆದ್ದರೂ ತೃಪ್ತಿ ಇಲ್ಲ. ಕಡೆಗೆ ಯಂತ್ರದ ಬಲದಿಂದಲೇ ಅತೆಮ್ ಇರುವ ಲೋಕಕ್ಕೆ ಹೋಗಿ ಸಿಂಹಾಸನದ ಮುಂದೆ ನಿಲ್ಲುತ್ತಾನೆ. ಅತೆಮ್ ಎದ್ದು ನಿಲ್ಲುತ್ತಾನೆ. ಸಿನಿಮಾ ಮುಗಿಯುತ್ತದೆ.

ವಿಧಿ ಇಲ್ಲ ಎಂದವನು, ಕಲ್ಲಿನಲ್ಲಿ ಕೆತ್ತಿದ ಆ ಎದುರುಬದುರಿನ ಜಾಗಕ್ಕೆ ಕೊನೆಗೆ ತಾನೇ ನಡೆದುಕೊಂಡು ಹೋದ. ಯಾರೂ ಕಳಿಸಲಿಲ್ಲ. ಅದು ಅವನ ಹಣೆಬರಹವೋ ಅವನ ಆಯ್ಕೆಯೋ ಎಂದು ಮಕ್ಕಳು ವಾದ ಮಾಡುತ್ತಾರೆ. ವಾದ ಮಾಡಲಿ. ಒಬ್ಬ ಒಳ್ಳೆಯ ಎದುರಾಳಿ ಇಲ್ಲದಿದ್ದರೆ ತನ್ನ ಬಲ ತನಗೇ ಗೊತ್ತಾಗುವುದಿಲ್ಲ ಎಂದು ಕೈಬಾಗೆ ತಿಳಿದಿತ್ತು.

ಕಜುಕಿ ತಕಹಾಶಿ 2022ರ ಜುಲೈನಲ್ಲಿ ಜಪಾನಿನ ಓಕಿನಾವಾ ತೀರದ ಸಮುದ್ರದಲ್ಲಿ ತೀರಿಕೊಂಡರು. 60 ವರ್ಷ. ಮೊದಲು ಬಂದ ಸುದ್ದಿಯಲ್ಲಿ ಶವ ಸಿಕ್ಕಿತು ಎನ್ನುವಷ್ಟೇ ಇತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಇನ್ನೊಂದು ವರದಿ ಬಂತು. ಸಮುದ್ರದ ಸೆಳೆತಕ್ಕೆ ಸಿಕ್ಕವರನ್ನು ಕಾಪಾಡಲು ಅವರು ನೀರಿಗೆ ಇಳಿದಿದ್ದರಂತೆ. ಅವರಿಗೆ ಆ ಜನ ಪರಿಚಯದವರಲ್ಲ. ಮೊದಲ ದಿನದ ನಾಲ್ಕು ಸಾಲಿನ ಸುದ್ದಿ ಕಳಿಸಿ ಮರೆಯುವ ಕೆಲಸದಲ್ಲಿರುವ ನಮಗೆ ಆ ಎರಡನೇ ಸುದ್ದಿ ಬಹಳ ದಿನ ಮನಸ್ಸಿನಲ್ಲಿ ಉಳಿಯಿತು.

ನಿಮ್ಮ ಮನೆಯ ಹುಡುಗರು ಈ ಕಾರ್ಟೂನು ನೋಡುತ್ತಿದ್ದರೆ ಮೊಬೈಲು ಕಿತ್ತುಕೊಳ್ಳುವ ಮೊದಲು ಅರ್ಧ ಗಂಟೆ ಪಕ್ಕದಲ್ಲಿ ಕೂತು ನೋಡಿ. ಕೈಬಾ ಒಬೆಲಿಸ್ಕ್ ಬಲಿ ಕೊಡುವ ಕಂತು ಯಾವುದು ಅಂತ ಅವರನ್ನೇ ಕೇಳಿ, ಹುಡುಕಿ ಹಾಕಿಕೊಡುತ್ತಾರೆ.